ಹಸಿರು ಬಳೆಯೂ ನನ್ನ ಕೈಕೂದಲೂ

ಗೆಳತಿಯರೇ, ಇವತ್ತು ಹಗರಿಬೊಮ್ಮನಹಳ್ಳಿಯ ನಮ್ಮ ಮನೆ ಪಡಸಾಲೆಯಲ್ಲಿ ನನ್ನ ಕೈಯ ವಿಚಾರಣೆ ನಡೆಯಿತು. ಮದುವೆಗೆ ಮುಂಚೆ ಬಳೆ ಇಡಿಸುವ ಶಾಸ್ತ್ರ. ಬಳೆಗಾರ್ತಿ ಹಸಿರು ಗಾಜಿನ ಬಳೆ ಏರಿಸುತ್ತಿದ್ದಾಗ ಚಿಕ್ಕಮ್ಮ ನನ್ನ ಮೊಣಕೈ ಹಿಡಿದು ನೋಡಿದಳು.

"ಏನವ್ವಾ ಇದು, ಗಂಡಸರ ಕೈ ಇದ್ದಂಗ ಐತಿ. ನಾಳಿಗೆ ಹೊಸಪೇಟಿಗೆ ಹೋಗಿ ಪಾರ್ಲರ್‌ನ್ಯಾಗ ವ್ಯಾಕ್ಸ್ ಮಾಡಿಸ್ಕೊಂಡು ಬಾ. ಬೀಗರು ನೋಡಿದ್ರ ಏನಂತಾರ?"

ಬೀಗರು ಅಲ್ಲೇ ಕೂತಿದ್ದರು. ಕೊಟ್ಟೂರಿನಿಂದ ಸೀರೆ, ಬಳೆ ತಂದಿದ್ದ ನನ್ನ ಭಾವಿ ಅತ್ತೆ ಎಲೆ ಅಡಿಕೆ ತಟ್ಟೆಯನ್ನು ಪಕ್ಕಕ್ಕಿಟ್ಟು, ತಮ್ಮ ಬಳೆಗಳನ್ನು ಮೇಲೆ ಸರಿಸಿ, ನನ್ನ ಕೈ ಪಕ್ಕಕ್ಕೆ ತಮ್ಮ ಕೈ ಚಾಚಿದರು. ಅವರ ಕೈಮೇಲೆ ನನಗಿಂತ ದಟ್ಟ ಕೂದಲು.

"ನೋಡ್ರಿ, ನನ್ನ ಮದಿವಿಗೆ ಮುಂಚೆ ಕಡ್ಲಿಹಿಟ್ಟು ಹಚ್ಚಿ ತಿಕ್ಕಿ ತಿಕ್ಕಿ ಚರ್ಮ ಸುಲದಿದ್ರು. ಅರಿಶಿಣ ಹಚ್ಚೋ ದಿನ ಉರಿ ತಡೀಲಾರದ ಅತ್ತುಬಿಟ್ಟಿದ್ದೆ. ಕೂದಲು ಮಾತ್ರ ತಿರುಗಿ ಬಂದ್ವು."

ಆಮೇಲೆ ನನ್ನ ಕಡೆ ತಿರುಗಿದರು. "ನಿನಗ ಬೇಕನಿಸಿದ್ರ ತೆಗಸ್ಕೋವಾ. ನಮ್ಮ ಸಲುವಾಗಿ ಬ್ಯಾಡ."

ನನ್ನ ಕಣ್ಣು ತುಂಬಿತು. ಬಳೆ ಬಿಗಿಯಾಯಿತು ಎಂದು ಸುಳ್ಳು ಹೇಳಿ ಒರೆಸಿಕೊಂಡೆ. ಇಷ್ಟು ದಿನ ಆ ಮನೆಯ ಬಗ್ಗೆ ಇದ್ದ ಅಳುಕು ಅಲ್ಲೇ ಇಳಿದುಹೋಯಿತು.

ಸಂಜೆ ಬೀಗರು ಹೊರಟ ಮೇಲೆ ಚಿಕ್ಕಮ್ಮ ನನ್ನನ್ನು ಹಿತ್ತಲಿಗೆ ಕರೆದು ಕೈಗೆ ಚಿಮಟ ಕೊಟ್ಟಳು.

"ಗದ್ದದ ಮ್ಯಾಲೆ ಎರಡು ಕೂದಲದಾವ, ನನಗ ಸರಿಯಾಗಿ ಕಾಣಂಗಿಲ್ಲ. ಕಿತ್ತುಬಿಡು. ಬೀಗರಿಗೆ ಹೇಳಬ್ಯಾಡ."

ನೋವಾಗದಂತೆ ಕಿತ್ತುಕೊಟ್ಟೆ. ಚಿಕ್ಕಮ್ಮನ ಗದ್ದ, ಚಿಕ್ಕಮ್ಮನ ಇಷ್ಟ. ಬೀಗರಿಗೆ ಹೇಳಿಲ್ಲ, ನಿಮಗಷ್ಟೇ ಹೇಳಿದ್ದೇನೆ.