ಮರಲ್ ಮೀನಿನ ಕೆರೆಗೆ ಮತ್ತೊಮ್ಮೆ

ಶ್ರಾವಣದ ಒಂದು ಭಾನುವಾರ ಬೆಳಿಗ್ಗೆ ಏಳರ ಬಸ್ಸಿಗೆ ಯಾದಗಿರಿ ಬಿಟ್ಟೆ. ಸೇತುವೆಯ ಕೆಳಗೆ ಭೀಮೆ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಹಿಂದಿನ ವರ್ಷ ಇದೇ ದಿನಗಳಲ್ಲಿ ಮೀನುಗಾರ ಸಾಬಣ್ಣ ದೋರನಹಳ್ಳಿ ಆಚೆಯ ಕೆರೆಯಲ್ಲಿ ನನಗೆ ಮರಲ್ ಮೀನಿನ ಸಂಸಾರ ತೋರಿಸಿದ್ದ.

ಮರಲ್ ಬೇಟೆಗಾರ ಮೀನು. ಕಪ್ಪೆ, ಸಣ್ಣ ಮೀನು, ಏನು ಸಿಕ್ಕರೂ ನುಂಗುತ್ತದೆ. ಆದರೆ ತನ್ನ ಮರಿಗಳನ್ನು ವಾರಗಟ್ಟಲೆ ಕಾಯುತ್ತದೆ. ನೂರಾರು ಕೆಂಪು ಮರಿಗಳು ಗುಂಪಾಗಿ ಉಸಿರಿಗೆಂದು ಮೇಲೆ ಬಂದರೆ, ತಂದೆ ಮೀನು ಕೆಳಗೇ ನಿಂತಿರುತ್ತದೆ. ಹತ್ತಿರ ಸುಳಿದದ್ದರ ಮೇಲೆ ಎರಗುತ್ತದೆ, ಅದು ಗಾಳವಾಗಿದ್ದರೂ.

ಇದನ್ನೆಲ್ಲ ನಾನು ಪತ್ರಿಕೆಯೊಂದಕ್ಕೆ ಬರೆದೆ. "ಕೆರಿ ಹೆಸರ ಹಾಕಬ್ಯಾಡ್ರಿ ಮಾಸ್ತರ್ರ" ಎಂದು ಸಾಬಣ್ಣ ಹೇಳಿದ್ದ. ಓದುವವರು ನಂಬಲಿ ಎಂದು ಹಾಕಿಬಿಟ್ಟೆ.

ದೋರನಹಳ್ಳಿಯಲ್ಲಿ ಇಳಿದು ಅವನ ಮನೆಗೆ ಹೋದೆ. ಹೆಂಡತಿ ಮಲ್ಲಮ್ಮ ಕಟ್ಟೆಯ ಮೇಲೆ ಹೆಸರುಕಾಳು ಹಸನು ಮಾಡುತ್ತಿದ್ದಳು. ನೀರು ಕೊಟ್ಟಳು, ಕೂರೆಂದು ಹೇಳಲಿಲ್ಲ.

"ಪೇಪರ್ ನೋಡಿ ಮಂದಿ ಗಾಡಿ ಮ್ಯಾಲ ಬಂದ್ರು. ಮರಿ ಎದ್ದಲ್ಲೆಲ್ಲ ಗಾಳ ಒಗದ್ರು. ತಂದಿ ಹೋದ ಮ್ಯಾಲ ಮರಿ ಉಳೀತಾವೇನ್ರಿ? ಕೊಕ್ಕರಿ ತಿಂದ್ವು. ಈ ವರ್ಷ ಒಂದ ಗುಂಪೂ ಎದ್ದಿಲ್ಲ."

ಸಾಬಣ್ಣ ತೆಪ್ಪ ಮಾರಿ ಸುರಪುರದ ಅಕ್ಕಿ ಮಿಲ್ಲಿನಲ್ಲಿ ಚೀಲ ಹೊರಲು ಹೋಗಿದ್ದಾನೆ ಎಂದಳು.

ಒಬ್ಬನೇ ಕೆರೆಗೆ ನಡೆದೆ. ತಾವರೆ ಎಲೆಗಳ ನಡುವೆ ಒಂದು ತಾಸು ನೋಡಿದೆ. ನೀರಿನ ಮೇಲೆ ಮೋಡದ ನೆರಳು ಮಾತ್ರ ಸರಿಯಿತು.

ಶಹಾಪುರದಲ್ಲಿ ಬಸ್ಸು ಬದಲಿಸುವಾಗ ಹೋಟೆಲಿನಲ್ಲಿ ಮಂಡಕ್ಕಿ ಸುಸಲಾ ತರಿಸಿಕೊಂಡೆ, ಅರ್ಧಕ್ಕೆ ಬಿಟ್ಟೆದ್ದೆ. ಅಲ್ಲಿಂದ ಸುರಪುರ ಇಪ್ಪತ್ತು ಕಿಲೋಮೀಟರ್ ಚಿಲ್ಲರೆ. ದಾರಿಯುದ್ದಕ್ಕೂ ಅವನಿಗೆ ಹೇಳಬೇಕಾದ ಮಾತನ್ನು ಜೋಡಿಸುತ್ತ ಕುಳಿತಿದ್ದೆ.

ಸಾಬಣ್ಣ ಮಿಲ್ಲಿನ ಅಂಗಳದಲ್ಲಿದ್ದ. ಹೆಗಲ ಮೇಲಿನ ಹೊಟ್ಟು ಒರೆಸಿಕೊಂಡು ಬಂದ.

"ಊಟ ಆತೇನ್ರಿ ಮಾಸ್ತರ್ರ?"

ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು. "ನಂದು ತಪ್ಪಾತಪ್ಪಾ, ಸಾಬಣ್ಣ" ಎಂದೆ.



"ನೀವೇನ್ ಸುಳ್ಳ ಬರದಿಲ್ಲರಿ. ಮರಿ ಏಳೋ ಜಾಗಾ ನಮ್ಮಪ್ಪಗ ಗೊತ್ತಿತ್ತು. ಸಾಯೂತನಕ ನನಗೊಬ್ಬಗ ಬಿಟ್ಟು ಯಾರಿಗೂ ತೋರಿಸಿರಲಿಲ್ಲ. ನಾ ನಿಮಗ ತೋರಿಸಿದೆ."

"ಊರಿಗೆ ಬಾರಪಾ. ಬ್ಯಾರೆ ಮೀನು ಅದಾವಲ್ಲ."

"ಆ ಕೆರಿ ದಂಡಿಗೆ ನಿಲ್ಲಾಕ ಆಗಂಗಿಲ್ಲರಿ ನನಗ."

ಒಳಗಿನಿಂದ ಯಾರೋ ಅವನನ್ನು ಕೂಗಿದರು. ಬಿಸಿಲು ಇಳಿಯುವ ಮೊದಲೇ ಹೊರಡಿ, ಆಮೇಲೆ ಬಸ್ಸು ಕಡಿಮೆ ಎಂದು ಹೇಳಿ ನನಗೆ ಕೈಮುಗಿದ. ಗೇಟಿನ ಬಳಿ ನಾನು ತಿರುಗಿ ನೋಡಿದೆ. ಅವನು ಲಾರಿಗೆ ಬೆನ್ನು ಕೊಟ್ಟು ಬಾಗಿ ನಿಂತಿದ್ದ. ಮೇಲಿದ್ದವರು ಅವನ ಬೆನ್ನಿಗೆ ಚೀಲ ಇಳಿಸುತ್ತಿದ್ದರು.