ಮಾವ ಕೂರಿಸಿದ ಮೂಗು

ಮಾವನ ರೆಪ್ಪೆಕೂದಲು ಸದಾ ಬೆಳ್ಳಗಿರುತ್ತಿತ್ತು. ವಯಸ್ಸಿನಿಂದಲ್ಲ, ಬಳಪದ ಕಲ್ಲಿನ ಪುಡಿಯಿಂದ. ಮದುವೆಮನೆಗೆ ಮಿಂದು, ಇಸ್ತ್ರಿ ಪಂಚೆ ಉಟ್ಟು ಬಂದರೂ ರೆಪ್ಪೆ ಮಾತ್ರ ಹಾಗೆಯೇ. ಸ್ವಂತ ಮಾವನಲ್ಲ, ತುರುವೇಕೆರೆ ಹತ್ತಿರದ ನಮ್ಮೂರಿನಲ್ಲಿ ಪಕ್ಕದ ಮನೆಯವರು. ಅಮ್ಮ ಅವರನ್ನು ಅಣ್ಣ ಎನ್ನುತ್ತಿದ್ದಳು, ಹಾಗಾಗಿ ನನಗೆ ಮಾವ.

ವಿಗ್ರಹ ಕೆತ್ತುವುದು ಅವರ ಕೆಲಸ. ಕೆತ್ತಿದ್ದನ್ನು ಹಳೆಯದು ಮಾಡುವುದು ಅದಕ್ಕಿಂತ ದೊಡ್ಡ ಕೆಲಸ. ಮೂಗನ್ನೋ ಬೆರಳನ್ನೋ ತಾವೇ ಮುರಿದು, ತೆಂಗಿನ ಮಟ್ಟೆ ನೆನೆಹಾಕುವ ಗುಂಡಿಯಲ್ಲಿ ಒಂದು ಮಳೆಗಾಲ ಮುಳುಗಿಸಿಡುತ್ತಿದ್ದರು. ಮೇಲೆ ಬರುವಾಗ ಕಲ್ಲಿಗೆ ತಲೆತಲಾಂತರದಿಂದ ಎಣ್ಣೆ ಕುಡಿದ ಬಣ್ಣ. ಹಳೆಯ ವಿಗ್ರಹ ಕೊಳ್ಳಲು ಕಾರಿನಲ್ಲಿ ಬರುವವರಿಗೆ ಅದೇ ಬೇಕಿತ್ತು. ಇದು ಮೋಸ ಅಲ್ಲವಾ ಮಾವ ಎಂದು ಕೇಳಿದರೆ, "ಕಲ್ಲೆಲ್ಲಾ ಹಳೇದೇ ಕಣಪ್ಪ. ಉಳಿ ಒಂದೇ ಹೊಸ್ದು" ಎನ್ನುತ್ತಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ ಗುಡಿಯ ತೊಲೆ ಬಿದ್ದು ಊರಮ್ಮನ ಮೂಗು ಮುರಿಯಿತು. ಭಿನ್ನವಾದ ಮೂರ್ತಿಗೆ ಪೂಜೆಯಿಲ್ಲ, ನೀರಿಗೆ ಬಿಟ್ಟು ಹೊಸದು ಮಾಡಿಸಬೇಕು ಎಂದರು ಹಿರಿಯರು. ನಾನು ಹುಟ್ಟಿದ್ದೇ ಆ ದೇವಿಯ ಹರಕೆಯಿಂದ. ಅಮ್ಮ ಪಟ್ಟು ಹಿಡಿದಳು. "ಹೊಸಬಳಿಗೆ ನನ್ ಕಷ್ಟ ಏನ್ ಗೊತ್ತು?"

ಕೊನೆಗೆ ಮಾವ, "ನಾನೇ ಮೂಗು ಕೂರಿಸ್ತೀನಿ ಬುಡವ್ವ" ಎಂದು ಮೂರ್ತಿಯನ್ನು ಮನೆಗೆ ಒಯ್ದರು. ಅದು ಮರಳಿ ಬಂದಾಗ ಮುಖ ಕೊಂಚ ಸಣ್ಣದಾಗಿತ್ತು. ಕೇಳಿದ್ದಕ್ಕೆ, "ಮೂಗು ಎಲ್ಲಿಂದ ಬರ್ಬೇಕು? ಕೆನ್ನೆ ತಗ್ಗಿಸ್ದೆ" ಎಂದರು. ಎಲ್ಲರೂ ತಲೆಯಾಡಿಸಿದೆವು.

ಮರುವರ್ಷ ಹಳೆಯ ಗುಡಿಗಳನ್ನು ನೋಡಲು ಬಂದ ಅಧಿಕಾರಿಯೊಬ್ಬರು ಟಾರ್ಚ್ ಹಾಕಿ ನೋಡಿ, ಇದು ಇತ್ತೀಚಿನ ಕೆತ್ತನೆ, ಹಳೆಯದು ಎಲ್ಲಿ ಎಂದು ಕೇಳಿದರು. ಊರೆಲ್ಲ ಗುಸುಗುಸು. ಅಮ್ಮ ದೀಪ ಹಚ್ಚುವುದನ್ನು ಬಿಟ್ಟಳು. ಅನ್ನ ಸೇರುತ್ತಿರಲಿಲ್ಲ. ಒಂದು ದಿನ ಮಾವನ ಮುಂದೆ ಹೋಗಿ ನಿಂತಳು.

"ಅಣ್ಣ, ನಿಜ ಹೇಳು. ಒಳಗಿರೋಳು ನಮ್ಮಮ್ಮನೇನಾ?"

ಮಾವ ಬಹಳ ಹೊತ್ತು ರೆಪ್ಪೆ ಒರೆಸಿಕೊಂಡರು. "ಹೋಗ್ ನಿಂತ್ಕೊಂಡ್ ನೋಡವ್ವ. ಅವ್ಳೇ ಆದ್ರೆ ನಿನ್ ಗುರ್ತು ಹಿಡಿತಾಳೆ."

ಅಮ್ಮ ಹೋದಳು. ಬಂದವಳೇ, "ಗುರ್ತು ಹಿಡಿದ್ಲು" ಎಂದು ಊಟಕ್ಕೆ ಕುಳಿತಳು. ಮಾವನ ಮೇಲೆ ನನಗಿದ್ದ ಸಿಟ್ಟು ಅವತ್ತು ಅರ್ಧಕ್ಕೇ ನಿಂತಿತು.

ಮಾವ ತೀರಿಕೊಂಡ ಮೇಲೆ ಅವರ ಮಕ್ಕಳು ಮಟ್ಟೆ ಗುಂಡಿ ಮುಚ್ಚಲು ಹೊರಟರು. ತಳದಲ್ಲಿ ಅದೇ ಊರಮ್ಮ ಸಿಕ್ಕಿದಳು. ಅದೇ ಒಡವೆ, ಅದೇ ನಿಲುವು, ಮೂಗಿಲ್ಲ. ಭಿನ್ನವಾದದ್ದನ್ನು ನೀರಿಗೆ ಬಿಡಬೇಕೆಂಬ ಮಾತಿಗೆ ಕಟ್ಟುಬಿದ್ದು ಮಾವ ಬಿಟ್ಟದ್ದೋ? ಕಾರಿನವರಿಗೆಂದು ಹೊಸದೊಂದನ್ನು ಮೂಗು ಮುರಿದು ನೆನೆಹಾಕಿದ್ದೋ? ಎರಡಕ್ಕೂ ಅದೇ ಗುಂಡಿ. ಕೇಳೋಣವೆಂದರೆ ಮಾವ ಇಲ್ಲ.

ಅಮ್ಮನನ್ನು ಕೈಹಿಡಿದು ಕರೆತಂದೆ. ಅವಳು ಬಗ್ಗಿ, ಸೆರಗಿನಿಂದ ಆ ಮುಖದ ಕೆಸರು ಒರೆಸಿ, ನೋಡುತ್ತಾ ನಿಂತಳು.

"ಇವ್ಳೂ ಗುರ್ತು ಹಿಡಿದ್ಲಲ್ಲೋ" ಎಂದಳು.