ಮುಳ್ಳುಹಂದಿಗೊಂದು ಕಿಂಡಿ

ಬೇಲಿಗೆ ಹಾಕುವ ಹೊಸ ತಂತಿ ಮೆಶ್ ಸುರುಳಿಯ ಎಣ್ಣೆ ಕಮಟು ನನಗಾಗದು. ಕಳೆದ ವಾರ ಹೊಂಗಡಹಳ್ಳದ ನಮ್ಮ ತೋಟಕ್ಕೆ ದನ ನುಗ್ಗದಿರಲೆಂದು ತಂದ ಸುರುಳಿ ಬಿಚ್ಚಿದವನು ಒಳಗೆ ಹೋದೆ, ಮತ್ತೆ ಹೊರಗೆ ಬಂದೆ. ಕೂರಲಾಗಲಿಲ್ಲ. ಬೇಲಿಯಾಚೆಯ ದೊಡ್ಡವ್ವ ನೆನಪಾಗಿದ್ದರು...

ತೊಂಬತ್ತರ ದಶಕದ ಕೊನೆ. ಮುಳ್ಳುಹಂದಿಯ ಕಾಟಕ್ಕೆ ನಮ್ಮ ಗೆಣಸು, ಕೆಸ ಒಂದೂ ಉಳಿಯುತ್ತಿರಲಿಲ್ಲ. ಅಪ್ಪ ರೇಗಿ ತೋಟದ ಸುತ್ತ ಮೆಶ್ ಹಾಕಿಸಲು ನಿಂತರು. ದೊಡ್ಡವ್ವ ನಮಗೆ ನೆಂಟರಲ್ಲ, ಪಕ್ಕದ ತುಂಡು ತೋಟದಲ್ಲಿ ಒಬ್ಬರೇ ಇದ್ದವರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಜಗಳಕ್ಕೇ ಬಂದರು.

"ಅದು ನಿಮ್ಮಪ್ಪನ ಕಾಲ್ದಿಂದ ಇಲ್ಲೇ ತಿರುಗ್ತೈತೆ ಮಾರಾಯ. ಹಳ್ಳಕ್ಕೆ ನೀರಿಗೆ ಹೋಗದು ಬ್ಯಾಡ್ವಾ? ಒಂದು ಕಿಂಡಿ ಬುಡು."

"ಗೆಣಸು ನೀವು ನೆಟ್ಟುಕೊಡ್ತೀರಾ ಅತ್ತಿಗೆ?" ಅಪ್ಪ ಕೆಣಕಿದರು.

"ನೆಡ್ತೀನಿ, ಅದ್ಕೇನೀಗ?"

ಅಪ್ಪ ಗೊಣಗುತ್ತಲೇ ಒಂದು ಕಿಂಡಿ ಬಿಟ್ಟರು. ದೊಡ್ಡವ್ವ ನೆಟ್ಟೇಬಿಟ್ಟರು, ಕಿಂಡಿಯ ತಮ್ಮ ಬದಿಗೆ ಒಂದು ಸಾಲು. ಪೊದೆಗೆ ಬೆಂಕಿ ಹಾಕುವ ಮುಂಚೆ ಅಲ್ಲಿ ಅದರ ಬಿಲ ಇದೆಯೇ ನೋಡಬೇಕೆಂದು ನಮಗೂ ತಾಕೀತು. ಮುಳ್ಳುಹಂದಿಯ ಮುಳ್ಳು ಬಿದ್ದಲ್ಲಿ ಜಗಳ ಎನ್ನುತ್ತಾರಲ್ಲ, ನಮ್ಮೆರಡು ಮನೆಗಂತೂ ಅದು ಸತ್ಯವಾಗಿತ್ತು. ನನಗೆ ಆ ಜಗಳ ಕೇಳುವುದೇ ಇಷ್ಟ.

ಆದರೆ ಇರುವುದೊಂದೇ ದಾರಿಯಾದರೆ ಬೇಟೆಯವನಿಗೂ ಸಲೀಸು. ಒಂದು ಬೆಳಿಗ್ಗೆ ಕಿಂಡಿಯಲ್ಲಿ ಯಾರೋ ಕಟ್ಟಿದ್ದ ತಂತಿಯ ಉರುಳು, ಕೆದರಿದ ಮಣ್ಣು, ರಕ್ತ... ಪ್ರಾಣಿ ಇರಲಿಲ್ಲ. ದೊಡ್ಡವ್ವ ಉರುಳು ಬಿಚ್ಚಿ ತಂದು ನಮ್ಮ ಅಂಗಳದಲ್ಲಿ ಎಸೆದರು.

"ಮುಚ್ಬುಡು ಮಾರಾಯ. ನಾನೇ ಅದನ್ನ ಕರ್ದು ಕೊಟ್ಟಂಗಾಯ್ತು."

ಅಪ್ಪ ಮುಚ್ಚಲಿಲ್ಲ. ಬೈಯುತ್ತಲೇ ಆ ಬದಿಯ ಮೆಶ್ಶನ್ನೆಲ್ಲ ಕೀಳಿಸಿದರು. "ಎಲ್ಲಿಂದಾದ್ರೂ ಬರ್ಲಿ. ಯಾವನು ಎಷ್ಟು ಕಡೆ ಉರುಳು ಕಟ್ತಾನೋ ನೋಡ್ತೀನಿ!"

ಅದು ಬರಲಿಲ್ಲ. ದೊಡ್ಡವ್ವ ದಿನಾ ಗೆಣಸಿನ ಸಾಲಿನುದ್ದಕ್ಕೂ ಮಣ್ಣು ನೋಡುತ್ತ ಸುಳಿದಾಡುವರು. ಅವರನ್ನು ನೋಡಿ ನನಗೂ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಮುಂದಿನ ವರ್ಷ ದೊಡ್ಡವ್ವ ಸಕಲೇಶಪುರದ ಆಸ್ಪತ್ರೆಯಲ್ಲಿ ಮಲಗಿದಾಗಲೂ ಅಪ್ಪನನ್ನು ಕಂಡೊಡನೆ ಕೇಳಿದ್ದು ಒಂದೇ.

"ಬಂತಾ?"

"ಬರ್ದೆ ಏನು? ನಮ್ ಗೆಣಸೆಲ್ಲ ಬಗ್ದು ತಿಂದ್ಬುಟ್ಟೈತೆ. ಬೇಗ ಎದ್ದು ಬಂದು ನೆಟ್ಟುಕೊಡಿ ಅತ್ತಿಗೆ."

ದೊಡ್ಡವ್ವ ನಕ್ಕರು. ಆ ವರ್ಷ ನಾವು ಗೆಣಸೇ ನೆಟ್ಟಿರಲಿಲ್ಲ. ಅವರು ಮನೆಗೆ ಮರಳಲಿಲ್ಲ...

ಈಗ ಅಪ್ಪನೂ ಇಲ್ಲ. ಆಚೆಯ ತೋಟ ಹೋಂಸ್ಟೇ ಆಗಿದೆ. ಯಜಮಾನ ಯಾರೋ, ಬಂದು ಹೋಗುವವರು ಯಾರೋ. ಉದ್ದಕ್ಕೂ ಕಲ್ಲಿನ ಕಾಂಪೌಂಡ್.

"ಆ ಕಡೆ ಮೆಶ್ ಯಾಕಣ್ಣ, ಗೋಡೆನೇ ಐತಲ್ಲ?" ಎಂದ ಬೇಲಿ ಕಟ್ಟುವವನು.

ಬೇಡ ಎಂದೆ. ಸಂಜೆಯವರೆಗೂ ಆ ಗೋಡೆಯ ಬುಡದಲ್ಲೇ ಶತಪಥ ಹಾಕಿದೆ. ಒಂದು ಕಿಂಡಿ ಬಿಡಿ ಎಂದು ಕೇಳೋಣವೆಂದರೆ, ಜಗಳ ಆಡುವುದಕ್ಕಾದರೂ ಆಚೆ ಒಬ್ಬರಿಲ್ಲ.